ಓದುಗರ ಪ್ರಶ್ನೆ: ಕೊರಿಯಾದ ಬಾಗಿದ ಸೂರು ಕಂಪ್ಯೂಟರಿನಲ್ಲಿ ಯಾಕೆ ಕೈಕೊಡುತ್ತದೆ?

ಹೋದ ಸಂಚಿಕೆಯಲ್ಲಿ ಕೊರಿಯಾದ ಹಳೆಯ ಮರದ ಮನೆಗಳ ಬಗ್ಗೆ ಬರೆದಿದ್ದೆವು. ಹಾನೋಕ್ ಎನ್ನುತ್ತಾರಲ್ಲ, ಕಪ್ಪು ಹಂಚಿನ, ಮೂಲೆ ಮೇಲಕ್ಕೆದ್ದ ಸೂರಿನ ಮನೆಗಳು, ಅವು. ಬಂದ ಪತ್ರಗಳಲ್ಲಿ ಕಲಬುರಗಿ, ಬೀದರ್, ಯಾದಗಿರಿ ಕಡೆಯವೇ ಜಾಸ್ತಿ. ಸೀರಿಯಲ್ ನೋಡಿ ಮರುಳಾದವರು, ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಲು ಕೂತು ಸಿಕ್ಕಿಬಿದ್ದವರು, ಮರಗೆಲಸದವರು, ಎಲ್ಲರೂ ಬರೆದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇನೆ. ಹೆಸರು ಬೇಡ ಅಂದವರೇ ಹೆಚ್ಚು, ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಾನು ಆರ್ಕಿಟೆಕ್ಚರ್ ಮೂರನೇ ವರ್ಷ. ಸೆಮಿಸ್ಟರ್ ಕೆಲಸಕ್ಕೆ ಒಂದು ಹಾನೋಕ್ ಅನ್ನು ರೈನೋ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ಮಾಡುತ್ತಿದ್ದೇನೆ. ಕಂಬ, ತೊಲೆ ಸರಿ ಬಂದಿವೆ. ಸೂರಿಗೆ ಒಂದು ಆರ್ಕ್, ಅಂದರೆ ವೃತ್ತದ ತುಂಡು, ಎಳೆದು ಚಾವಣಿ ಹಾಸಿದೆ. ಅಳತೆಯೆಲ್ಲ ಸರಿ ಇದ್ದರೂ ನೋಡಿದರೆ ಏನೋ ನಕಲಿ ಅನ್ನಿಸುತ್ತೆ. ಎಲ್ಲಿ ತಪ್ಪಿದೆ?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಆ ಆರ್ಕ್‌ನಲ್ಲೇ ತಪ್ಪಿದೆ. ಕಂಪ್ಯೂಟರ್ ಮುಂದೆ ಕೂತಾಗ ನಾವು ಮೊದಲು ಗೆರೆ ಎಳೆಯುತ್ತೇವೆ, ಆಮೇಲೆ ಆ ಗೆರೆಗೆ ಮರ ಜೋಡಿಸುತ್ತೇವೆ. ಕೊರಿಯಾದ ಬಡಿಗ ಉಲ್ಟಾ ಹೋಗುತ್ತಾನೆ. ಮರ ಇಡುತ್ತಾ ಹೋಗುತ್ತಾನೆ, ಬಾಗು ಅದರ ಹಿಂದೆ ಬರುತ್ತೆ.

ಕ್ರಮ ಹೀಗೆ. ಕಂಬ, ತೊಲೆ ನಿಂತ ಮೇಲೆ ನಾಲ್ಕು ಮೂಲೆಗೆ ನಾಲ್ಕು ದಪ್ಪ ಮರ ಏರಿಸುತ್ತಾರೆ. ಇದಕ್ಕೆ ಚುನ್ಯೊ ಅಂತ ಹೆಸರು. ಮೂಲೆಯಿಂದ ಓರೆಯಾಗಿ ಹೊರಕ್ಕೆ ಚಾಚಿರುತ್ತೆ, ತುದಿ ಮೇಲಕ್ಕೆ ಎದ್ದಿರುತ್ತೆ. ಆಮೇಲೆ ಒಂದು ಚುನ್ಯೊ ತುದಿಯಿಂದ ಇನ್ನೊಂದರ ತುದಿಯವರೆಗೆ ಸಣ್ಣ ಮರದ ಪಟ್ಟಿ ಬರುತ್ತೆ, ಅದು ಪ್ಯೊಂಗೊದೆ. ನಡುವೆ ಮೊದಲೇ ಕೂರಿಸಿದ ಕೆಲವು ಇಳಿಜಾರು ಜಂತಿಗಳ ಮೇಲೆ ಆ ಪಟ್ಟಿಯನ್ನು ಅದುಮಿ ಬಿಗಿಯುತ್ತಾರೆ. ತುದಿ ಎತ್ತರದಲ್ಲಿ, ನಡು ತಗ್ಗಿನಲ್ಲಿ. ಪಟ್ಟಿ ಬಗ್ಗಲೇಬೇಕು. ಆ ಬಗ್ಗಿದ ಪಟ್ಟಿಯೇ ಸೂರಿನ ಗೆರೆ. ಉಳಿದ ಜಂತಿಗಳ ತುದಿಯೆಲ್ಲ ಅದರ ಲೆಕ್ಕಕ್ಕೆ ಕೂರುತ್ತವೆ.

ಈಗ ಒಂದು ಸಣ್ಣ ಲೆಕ್ಕ ನೋಡಿ. ಮೂಲೆ 30 ಸೆಂ.ಮೀ. ಎದ್ದಿದೆ ಅಂತ ಇಟ್ಟುಕೊಳ್ಳಿ. ಸೂರಿನ ನಟ್ಟನಡುವಿಗೂ ಮೂಲೆಗೂ ಮಧ್ಯದ ಒಂದು ಬಿಂದು ಹಿಡಿಯಿರಿ. ನಿಮ್ಮ ಆರ್ಕ್‌ನಲ್ಲಿ ಆ ಬಿಂದು ಸುಮಾರು 7.5 ಸೆಂ.ಮೀ. ಏರಿರುತ್ತೆ. ಅದೇ ಜಾಗದಲ್ಲಿ ನಿಜವಾದ ಪಟ್ಟಿಯನ್ನು ನಟ್ಟನಡುವೆ ಒಂದೇ ಕಡೆ ಅದುಮಿ ಎರಡು ತುದಿ ಎತ್ತಿದರೆ 9.4 ಸೆಂ.ಮೀ. ಬರುತ್ತೆ. ನಡುವಿನ ಮೂರನೇ ಒಂದು ಭಾಗವನ್ನು ಪೂರ್ತಿ ನೇರವಾಗಿ ಅದುಮಿಟ್ಟು ಆಮೇಲೆ ತುದಿ ಎತ್ತಿದರೆ ಅದೇ ಬಿಂದು ಬರೀ 2.6 ಸೆಂ.ಮೀ. ಪಟ್ಟಿ ಒಂದೇ, ತುದಿಯ ಎತ್ತರ ಒಂದೇ, ಎಲ್ಲಿ ಅದುಮಿದಿರಿ ಅನ್ನೋದರ ಮೇಲೆ ಹೆಚ್ಚುಕಡಿಮೆ 7 ಸೆಂ.ಮೀ. ಫರಕು. ಪಟ್ಟಿಯ ಸ್ವಂತ ಭಾರ ನಾನು ಹಿಡಿದಿಲ್ಲ, ಬಾಗುವ ತೊಲೆಯ ಮಾಮೂಲಿ ಸೂತ್ರ ಅಷ್ಟೇ. ನಿಮ್ಮ ಸ್ಟ್ರಕ್ಚರ್ಸ್ ಪುಸ್ತಕದಲ್ಲೇ ಇದೆ. ಕಣ್ಣು ಈ ಫರಕನ್ನು ಹಿಡಿಯುತ್ತೆ. ನಿಮಗೆ ನಕಲಿ ಅನ್ನಿಸಿದ್ದು ಇದೇ.

ಹಾಗಾದರೆ ಏನು ಮಾಡಬೇಕು? ಆರ್ಕ್ ಅಳಿಸಿ. ಚುನ್ಯೊ ತುದಿ ಎರಡು ಬಿಂದು, ಪಟ್ಟಿಯನ್ನು ಅದುಮಿದ ಜಾಗಗಳು ನಡುವಿನ ಬಿಂದುಗಳು, ಅವುಗಳ ಮೂಲಕ ಡಿಗ್ರಿ 3 ಇಂಟರ್ಪೊಲೇಟ್ ಕರ್ವ್ ಹಾಯಿಸಿ. ಡಿಗ್ರಿ 3 ಯಾಕೆ ಅಂದರೆ, ಹಿಂದೆ ಹಡಗು ಕಟ್ಟುವವರು ನಕ್ಷೆ ಮೇಲೆ ತೆಳು ಮರದ ಪಟ್ಟಿ ಇಟ್ಟು, ಸೀಸದ ತೂಕಗಳಿಂದ ಅಲ್ಲಲ್ಲಿ ಅದುಮಿ, ಅದರ ಅಂಚಿಗೆ ಗೆರೆ ಎಳೆಯುತ್ತಿದ್ದರು. ಆ ಪಟ್ಟಿಯ ಬಾಗನ್ನು ಗಣಿತಕ್ಕೆ ಇಳಿಸಿದ್ದೇ ಇವತ್ತಿನ ಸ್ಪ್ಲೈನ್. ಅಂದರೆ ನಿಮ್ಮ ಸಾಫ್ಟ್‌ವೇರಿನ ಒಳಗೇ ಒಂದು ಪ್ಯೊಂಗೊದೆ ಕೂತಿದೆ, ಅದನ್ನು ಬಿಟ್ಟು ಕೈವಾರ ಹಿಡಿದಿದ್ದೀರಿ. ಇನ್ನೂ ಹತ್ತಿರ ಹೋಗಬೇಕಾದರೆ ರೈನೋದೊಳಗೆ ನಿಯಮ ಕೊಟ್ಟು ಆಕಾರ ಹುಟ್ಟಿಸುವ ಗ್ರಾಸ್‌ಹಾಪರ್‌ನ ಕಾಂಗರೂ ಪ್ಲಗಿನ್ ಇದೆ, ಅದರಲ್ಲಿ ಪಟ್ಟಿಯನ್ನು ನಿಜವಾಗಿ ಬಗ್ಗಿಸಿಯೇ ನೋಡಬಹುದು.

ಇನ್ನೊಂದು. ಈ ಬಾಗು ಎರಡು ದಿಕ್ಕಿಗಿದೆ. ಎದುರಿಂದ ನೋಡಿದರೆ ಮೂಲೆ ಮೇಲಕ್ಕೆ, ಅದಕ್ಕೆ ಆಂಗೊಕ್ ಎನ್ನುತ್ತಾರೆ. ಮೇಲಿಂದ ನೋಡಿದರೆ ಸೂರಿನ ನಡು ಒಳಕ್ಕೆ, ಮೂಲೆ ಹೊರಕ್ಕೆ, ಅದು ಆನ್‌ಹೊರಿಗೊಕ್. ಎರಡನೆಯದನ್ನು ಮರೆಯುವವರೇ ಜಾಸ್ತಿ. ಎಲಿವೇಶನ್‌ನಲ್ಲಿ ಒಂದು ಗೆರೆ, ಪ್ಲಾನ್‌ನಲ್ಲಿ ಒಂದು ಗೆರೆ ಎಳೆದು, ಎರಡು ನೋಟಗಳಿಂದ ಒಂದು ಕರ್ವ್ ಮಾಡುವ ಕಮಾಂಡ್ ರೈನೋದಲ್ಲಿ ಇದೆ, ಅದನ್ನು ಬಳಸಿ.

ಕಂಬಗಳು ಸರಿ ಬಂದಿವೆ ಅಂದಿರಿ. ನನಗೆ ಅನುಮಾನ. ಒಂದು ಕಂಬ ಮಾಡಿ ಕಾಪಿ ಹೊಡೆದಿದ್ದೀರಾ? ಮೂಲೆ ಕಂಬಗಳನ್ನು ಉಳಿದವಕ್ಕಿಂತ ಸ್ವಲ್ಪ ಎತ್ತರ ಮಾಡುವುದು, ಎಲ್ಲ ಕಂಬಗಳನ್ನೂ ಕೊಂಚ ಒಳಕ್ಕೆ ವಾಲಿಸುವುದು ಅಲ್ಲಿನ ಹಳೆಯ ದೊಡ್ಡ ಕಟ್ಟಡಗಳ ಪದ್ಧತಿ. ಯೊಂಗ್‌ಜು ಊರಿನ ಬುಸೊಕ್ಸಾ ಬೌದ್ಧ ಮಂದಿರದಲ್ಲಿ ಮುರ್ಯಾಂಗ್ಸುಜೊನ್ ಅಂತ ಒಂದು ಸಭಾಮಂದಿರ ಇದೆ, 1376ರಲ್ಲಿ ಮತ್ತೆ ಕಟ್ಟಿದ್ದು. ಅದರಲ್ಲಿ ಇವೆರಡೂ ಇವೆ. ಜೊತೆಗೆ ಕಂಬದ ಹೊಟ್ಟೆ ಉಬ್ಬಿದೆ, ಬುಡದಿಂದ ಸುಮಾರು ಮೂರನೇ ಒಂದು ಭಾಗದ ಎತ್ತರದಲ್ಲಿ ಅತಿ ದಪ್ಪ. ನಿಮ್ಮದು ಸಾದಾ ಮನೆಯಾದರೆ ಉಬ್ಬು ಬೇಡ. ಮೂಲೆ ಕಂಬದ ಎತ್ತರ ಮಾತ್ರ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನಮಸ್ಕಾರ್ರಿ. ನಾವು ತಲೆತಲಾಂತರದಿಂದ ಬಡಿಗ ಕೆಲಸದವರು. ನೀವು ಹಾಕಿದ್ದ ಫೋಟೋದಾಗ ಮೂಲೆ ಮರ ಅಷ್ಟು ದಪ್ಪ ಇದ್ದು ಅಷ್ಟು ಚಂದ ಬಾಗಿದೆ. ಬೆಂಕಿಗೆ ಹಿಡಿದು ಬಗ್ಗಿಸ್ತಾರೋ, ಕೊರೆದು ಮಾಡ್ತಾರೋ? ಕಂಪ್ಯೂಟರಿನವರಿಗೆ ಇದು ಗೊತ್ತಿರ್ತದೇನು?
— ಬಸವಕಲ್ಯಾಣ

ಉತ್ತರ: ನಮಸ್ಕಾರ ಅಣ್ಣಾ. ಅಷ್ಟು ದಪ್ಪದ ಮರ ಬೆಂಕಿಗೆಲ್ಲಿ ಬಗ್ಗೀತು. ಹುಟ್ಟಾ ಬಾಗಿದ ಮರವನ್ನೇ ಹುಡುಕುತ್ತಾರೆ. ಗುಡ್ಡದ ಇಳಿಜಾರಿನಲ್ಲಿ ಬೆಳೆದ ಪೈನ್ ಮರ ಬುಡದಲ್ಲಿ ಬಾಗಿ ಮೇಲೆದ್ದಿರುತ್ತೆ, ಅದು ಚುನ್ಯೊಗೆ ಹೇಳಿ ಮಾಡಿಸಿದ್ದು. ನಮ್ಮ ಕಡೆ ನೇಗಿಲಿಗೆ ಬಾಗಿದ ಜಾಲಿ ಮರವನ್ನೇ ಹುಡುಕುತ್ತಿದ್ದರಲ್ಲ, ಅದೇ ಬುದ್ಧಿ. ನಾರು ಬಾಗಿನ ಜೊತೆಗೇ ಓಡುತ್ತೆ, ಸೀಳುವುದಿಲ್ಲ. ಅಂಥ ಮರ ಸಿಗದಿದ್ದರೆ ದೊಡ್ಡ ದಿಮ್ಮಿಯಿಂದ ಕೊರೆದು ತೆಗೆಯುತ್ತಾರೆ. ಆಗ ನಾರು ನಡುವೆ ಕತ್ತರಿಸಿ ಹೋಗುತ್ತೆ, ಮರವೂ ಜಾಸ್ತಿ ಹಾಳು.

ಜಂತಿಗಳಲ್ಲೂ ಆರಿಸುತ್ತಾರೆ. ದುಂಡನೆಯ ಸಣ್ಣ ಪೈನ್ ಮರಗಳು, ಒಂದೊಂದು ಒಂದೊಂದು ಥರ ಬಾಗಿರುತ್ತವೆ. ನೆಟ್ಟಗಿರುವುದನ್ನು ನಡುವಿಗೆ, ಬಾಗಿದ್ದನ್ನು ಮೂಲೆ ಕಡೆಗೆ ಹಾಕುತ್ತಾರೆ. ಮೂಲೆಗೆ ಹೇಗೂ ಏರು ಬೇಕು, ಮರವೇ ಅರ್ಧ ಕೆಲಸ ಮಾಡಿಕೊಡುತ್ತೆ.

ನಿಮಗೆ ಇಷ್ಟ ಆಗುವಂಥ ಇನ್ನೊಂದು ಕೆಲಸ ಹೇಳುತ್ತೇನೆ. ಕಂಬದ ಬುಡಕ್ಕೆ ಅವರು ಕಾಡುಗಲ್ಲು ಇಡುತ್ತಾರೆ, ಮೇಲ್ಮೈ ಉಬ್ಬುತಗ್ಗು. ಕಲ್ಲನ್ನು ಸಮ ಮಾಡುವುದಿಲ್ಲ. ಕಂಬವನ್ನು ಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿ, ಎರಡು ಕಾಲಿನ ಒಂದು ಸಾಧನದ ಒಂದು ಕಾಲು ಕಲ್ಲಿನ ಮೇಲೆ, ಮಸಿ ಹಚ್ಚಿದ ಇನ್ನೊಂದು ಕಾಲು ಕಂಬದ ಮೇಲೆ ಬರುವಂತೆ ಹಿಡಿದು ಸುತ್ತ ತಿರುಗುತ್ತಾರೆ. ಕಲ್ಲಿನ ಉಬ್ಬುತಗ್ಗೆಲ್ಲ ಕಂಬದ ಬುಡದಲ್ಲಿ ಗೆರೆಯಾಗಿ ಮೂಡುತ್ತೆ. ಆ ಗೆರೆಗೆ ಉಳಿ ಹಾಕಿದರೆ ಕಂಬ ಕಲ್ಲಿಗೆ ಕಚ್ಚಿ ಕೂರುತ್ತೆ. ಗುರೆಂಗಿ ಎನ್ನುತ್ತಾರೆ ಇದಕ್ಕೆ. ನೀವು ಚೌಕಟ್ಟನ್ನು ಸೊಟ್ಟ ಗೋಡೆಗೆ ಹೊಂದಿಸುವಾಗ ಮಾಡುವುದೂ ಇದನ್ನೇ ಅಲ್ವಾ? ಕಂಪ್ಯೂಟರಿನಲ್ಲಿ ಕಲ್ಲಿನ ಸ್ಕ್ಯಾನ್ ಇದ್ದರೆ ಕಂಬದಿಂದ ಕಲ್ಲನ್ನು ಕಳೆಯುವುದು ಒಂದೇ ಕಮಾಂಡ್. ಕೆಲಸ ಸುಲಭ, ಆದರೆ ಯಾಕೆ ಕಳೆಯಬೇಕು ಅನ್ನೋದು ಗೊತ್ತಿರಬೇಕು.

ಕಂಪ್ಯೂಟರಿನವರಿಗೆ ಇದು ಗೊತ್ತಿರುತ್ತಾ ಅಂತ ಕೇಳಿದಿರಿ. ಒಳ್ಳೆಯ ಮಾಡೆಲ್ ಮಾಡುವವರು ಬಡಿಗರ ಪಕ್ಕ ಕೂತು ಕಲಿತಿರುತ್ತಾರೆ. ಕೊರಿಯಾದಲ್ಲಿ ಮುಖ್ಯ ಬಡಿಗನಿಗೆ ದೇಮೊಕ್‌ಜಂಗ್ ಎನ್ನುತ್ತಾರೆ, ಸರ್ಕಾರ ಆ ವಿದ್ಯೆಯನ್ನು 1982ರಲ್ಲೇ ರಾಷ್ಟ್ರೀಯ ಪರಂಪರೆ ಅಂತ ಗುರುತಿಸಿತು, 2010ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನಮ್ಮಲ್ಲಿ ನಿಮ್ಮಂಥವರ ಹತ್ತಿರ ಬಂದು ಯಾರೂ ಹೀಗೆ ಕೇಳಿ ಬರೆದುಕೊಳ್ಳುವುದಿಲ್ಲ, ಅದು ಬೇರೆ ಹೊಟ್ಟೆಯುರಿ.

ಪ್ರಶ್ನೆ: ಮಗಳು ಪಿಯುಸಿ. ಕೊರಿಯನ್ ಸೀರಿಯಲ್ ನೋಡಿ ನೋಡಿ ಈಗ ಆ ಮನೆಗಳನ್ನು ಕಂಪ್ಯೂಟರಿನಲ್ಲಿ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ದುಬಾರಿ ಸಾಫ್ಟ್‌ವೇರ್ ಕೊಡಿಸಬೇಕಾ?
— ತಾಯಿ, ಹುಮನಾಬಾದ್

ಉತ್ತರ: ಏನೂ ಕೊಡಿಸಬೇಡಿ ಅಮ್ಮ. ಬ್ಲೆಂಡರ್ ಅಂತ ಇದೆ, ಪೂರ್ತಿ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತೆ. ರೈನೋ ಬೇಕೇ ಬೇಕು ಅಂದರೆ 90 ದಿನ ಬಿಟ್ಟಿ ಬಳಸಲು ಬಿಡುತ್ತಾರೆ, ಆದರೆ ಈಗಲೇ ಅದನ್ನು ಶುರು ಮಾಡಿದರೆ ಕಲಿಯುವಷ್ಟರಲ್ಲಿ ಅವಧಿ ಮುಗಿಯುತ್ತೆ. ಸ್ಕೆಚ್‌ಅಪ್ ಮಾತ್ರ ಈ ಕೆಲಸಕ್ಕೆ ಬೇಡ, ಅದು ಬಾಗನ್ನು ತುಂಡು ತುಂಡು ನೇರ ಗೆರೆಗಳಾಗಿ ಹಿಡಿಯುತ್ತೆ. ಮೊದಲು ಇಡೀ ಮನೆಗೆ ಕೈ ಹಾಕದೆ ಒಂದು ಮೂಲೆ ಮಾತ್ರ ಮಾಡಲಿ. ಪಿಯುಸಿ ಪರೀಕ್ಷೆ ಮುಗಿದ ಮೇಲೆ ಅಂತ ನೀವು ಸೇರಿಸಿಕೊಂಡರೆ ನನ್ನದೇನೂ ತಕರಾರಿಲ್ಲ.

ಪ್ರಶ್ನೆ: ನಾನು ನಿವೃತ್ತ ಸಿವಿಲ್ ಎಂಜಿನಿಯರ್. ಈಗ ಲೇಸರ್ ಸ್ಕ್ಯಾನರ್ ಇದೆ. ಕಟ್ಟಡದ ಸುತ್ತ ಇಟ್ಟು ಕೋಟಿಗಟ್ಟಲೆ ಬಿಂದು ಹಿಡಿದರೆ ಮುಗಿಯಿತು. ಈ ಪಟ್ಟಿ, ಮೂಲೆಮರ, ಕ್ರಮ ಎಲ್ಲ ಯಾಕೆ? ಇದ್ದದ್ದನ್ನು ಇದ್ದ ಹಾಗೆ ಹಿಡಿಯುವುದೇ ನಿಖರ ಅಲ್ಲವೇ?
— ಶಹಾಬಾದ್

ಉತ್ತರ: ಸರ್, ಇದ್ದದ್ದನ್ನು ಹಿಡಿಯುತ್ತೆ, ಸರಿ. ಕೆಲವೇ ಮಿಲಿಮೀಟರ್ ಹೆಚ್ಚುಕಡಿಮೆಯಲ್ಲಿ ಹಿಡಿಯುತ್ತೆ. ಆದರೆ ಸ್ಕ್ಯಾನರ್ ನೋಡುವುದು ಇವತ್ತಿನ ಕಟ್ಟಡವನ್ನು. ಚುನ್ಯೊ ಹೊರಕ್ಕೆ ಅಷ್ಟುದ್ದ ಚಾಚಿರುತ್ತೆ, ಅದರ ಮೇಲೆ ಮಣ್ಣು, ಹಂಚು. ನೂರಾರು ವರ್ಷದಲ್ಲಿ ತುದಿ ಕುಸಿಯದೆ ಇರುತ್ತಾ? ಆಗಲೇ ಹೇಳಿದ ಮುರ್ಯಾಂಗ್ಸುಜೊನ್‌ನ ನಾಲ್ಕು ಮೂಲೆಯಲ್ಲೂ ಸೂರಿನ ಕೆಳಗೆ ಸಣ್ಣ ಆಸರೆ ಕಂಬಗಳಿವೆ. ಕುಸಿಯುವುದು ಅವರಿಗೂ ಗೊತ್ತಿತ್ತು. ಈಗ ನೀವು ಸ್ಕ್ಯಾನ್ ಮಾಡಿದರೆ ಒಂದು ಮೂಲೆ 28 ಸೆಂ.ಮೀ. ಎದ್ದಿದೆ, ಇನ್ನೊಂದು 23 ಅಂತ ಬಂತು ಅಂದುಕೊಳ್ಳಿ. ಬಡಿಗ ಇಟ್ಟದ್ದು ಯಾವುದು, ಕಾಲ ಇಳಿಸಿದ್ದು ಯಾವುದು? ಬಿಂದುಗಳು ಇದನ್ನು ಹೇಳುವುದಿಲ್ಲ. ಪಟ್ಟಿ ಹೇಗೆ ಬಗ್ಗುತ್ತೆ, ಮೂಲೆಮರ ಹೇಗೆ ಕೂತಿದೆ ಅಂತ ಗೊತ್ತಿದ್ದರೆ ಮಾತ್ರ ಎರಡನ್ನೂ ಬಿಡಿಸಬಹುದು.

ಅದಕ್ಕೇ ಒಳ್ಳೆಯ ತಂಡಗಳು ಎರಡು ಮಾಡೆಲ್ ಇಟ್ಟುಕೊಳ್ಳುತ್ತವೆ. ಒಂದು, ನಿಯಮದಿಂದ ಕಟ್ಟಿದ್ದು. ಇನ್ನೊಂದು, ಸ್ಕ್ಯಾನ್‌ನಿಂದ ಬಂದದ್ದು. ಒಂದರ ಮೇಲೊಂದು ಇಟ್ಟು ಫರಕು ಎಲ್ಲಿ ಜಾಸ್ತಿ ಅಂತ ಬಣ್ಣದಲ್ಲಿ ನೋಡುತ್ತಾರೆ. ದುರಸ್ತಿ ಎಲ್ಲಿ ಬೇಕು ಅನ್ನೋದು ಅಲ್ಲೇ ಸಿಗುತ್ತೆ.

ದಾಖಲೆಯ ಬೆಲೆ ಗೊತ್ತಾದದ್ದು ಸೋಲ್ ನಗರದ ಸುಂಗ್ನ್ಯೆಮುನ್ ಹೆಬ್ಬಾಗಿಲಿನಲ್ಲಿ. 1398ರಲ್ಲಿ ಕಟ್ಟಿದ್ದು. 2008ರ ಫೆಬ್ರುವರಿ 10ರ ರಾತ್ರಿ ಒಬ್ಬ ಬೆಂಕಿ ಹಚ್ಚಿದ, ಮೇಲಿನ ಮರದ ಅಂತಸ್ತು ಹೆಚ್ಚುಕಡಿಮೆ ಪೂರ್ತಿ ಸುಟ್ಟಿತು. ಅದೃಷ್ಟಕ್ಕೆ 2006ರಲ್ಲಿ ಅಳತೆ ಮಾಡಿ 182 ಪುಟದ ನಕ್ಷೆ ತಯಾರಿಸಿಟ್ಟಿದ್ದರು. 1960ರ ದಶಕದ ಶುರುವಿನಲ್ಲಿ ಬಿಚ್ಚಿ ದುರಸ್ತಿ ಮಾಡಿದಾಗಿನ ದಾಖಲೆಯೂ ಇತ್ತು. 2013ರ ಮೇ 4ರಂದು ಮತ್ತೆ ತೆರೆದರು. ಅಳತೆಯ ಕಡೆಯಿಂದ ತೊಂದರೆ ಆಗಲಿಲ್ಲ, ತೊಂದರೆ ಬಂದದ್ದು ಬಣ್ಣದಿಂದ. ಕೆಲವೇ ತಿಂಗಳಲ್ಲಿ ಮರದ ಮೇಲಿನ ಬಣ್ಣ ಸಿಪ್ಪೆ ಏಳತೊಡಗಿ ದೊಡ್ಡ ರಾದ್ಧಾಂತವಾಯಿತು. ಬಣ್ಣ ಹೇಗೆ ಅರೆಯಬೇಕು, ಅಂಟು ಯಾವುದು ಅನ್ನೋದು ಯಾವ ಬಿಂದುವಿನಲ್ಲೂ ಇರುವುದಿಲ್ಲವಲ್ಲ.

ಒಂದು ಕಡೆ ಮಾತ್ರ ನಿಮ್ಮ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಕೆಲವು ಮಂದಿರಗಳಲ್ಲಿ ಸೊಟ್ಟ ಮರವನ್ನು ಹಾಗೇ ಕಂಬ ಮಾಡಿಬಿಟ್ಟಿದ್ದಾರೆ. ಹ್ವಾಒಮ್ಸಾ ಮಂದಿರದ ಗುಚುಂಗಮ್ ಎಂಬ ಕಟ್ಟಡದಲ್ಲಿ ಗಂಟುಗಂಟಾದ ಹಣ್ಣಿನ ಮರದ ಕಾಂಡವೇ ಕಂಬ. ಅಲ್ಲಿ ನಿಯಮ ಹುಡುಕಿ ಪ್ರಯೋಜನ ಇಲ್ಲ, ಸುಮ್ನೆ ಸ್ಕ್ಯಾನ್ ಮಾಡಿ.

ಪ್ರಶ್ನೆ: ಚಾವಣಿಯ ನೆತ್ತಿಯ ಬಾಗನ್ನು ಅವರು ಹಗ್ಗ ತೂಗಿಬಿಟ್ಟು ನಿರ್ಧರಿಸುತ್ತಾರೆ ಎಂದು ಓದಿದೆ. ಹಾಗಾದರೆ ಅದು ಕ್ಯಾಟಿನರಿ. ಮಾಡೆಲಿನಲ್ಲಿ ಪ್ಯಾರಾಬೋಲಾ ಹಾಕಿದರೆ ತಪ್ಪಾಗುವುದಿಲ್ಲವೇ?
— ಗಣಿತ ಮೇಷ್ಟ್ರು, ಯಾದಗಿರಿ

ಉತ್ತರ: ತತ್ವದಲ್ಲಿ ತಪ್ಪು, ಚಾವಣಿ ಮೇಲೆ ಅಲ್ಲ. ನೀವೇ ಲೆಕ್ಕ ಹಾಕಿ ನೋಡಿ ಮೇಷ್ಟ್ರೇ. ನೆತ್ತಿಯ ಉದ್ದ 10 ಮೀಟರ್, ನಡುವಿನ ಇಳಿತ 30 ಸೆಂ.ಮೀ. ಎರಡು ತುದಿ ಮತ್ತು ನಡು ಒಂದೇ ಬಿಂದುವಿನಲ್ಲಿ ಸೇರುವಂತೆ ಕ್ಯಾಟಿನರಿ, ಪ್ಯಾರಾಬೋಲಾ, ವೃತ್ತದ ತುಂಡು ಮೂರನ್ನೂ ಎಳೆದರೆ, ಒಂದಕ್ಕೊಂದು ಎಲ್ಲೂ 1 ಮಿ.ಮೀ. ಕೂಡ ಬೇರೆಯಾಗುವುದಿಲ್ಲ. ಹಂಚಿನ ಮೇಲಿನ ಧೂಳೇ ಅದಕ್ಕಿಂತ ದಪ್ಪ ಇರುತ್ತೆ. ನೆತ್ತಿಗೆ ಯಾವುದು ಬೇಕಾದರೂ ಹಾಕಿ. ಮೊದಲ ಪ್ರಶ್ನೆಯ ಹುಡುಗಿ ಅಲ್ಲಿ ಆರ್ಕ್ ಹಾಕಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಸೂರಿನಲ್ಲಿ ಮಾತ್ರ ಆಗುವುದಿಲ್ಲ, ಯಾಕೆಂದರೆ ಅಲ್ಲಿ ಪಟ್ಟಿಯನ್ನು ಹಲವು ಕಡೆ ಹಿಡಿದಿರುತ್ತಾರೆ.

ನಿಮಗೆ ರುಚಿಸುವ ಇನ್ನೊಂದು ಬಾಗು ಇದೆ. ನೆತ್ತಿಯಿಂದ ಸೂರಿಗೆ ಇಳಿಯುವ ಇಳಿಜಾರು ಒಳಕ್ಕೆ ತಗ್ಗಿದ ಹಾಗೆ ಕಾಣುತ್ತೆ ಅಲ್ವಾ, ಅದರ ಕೆಳಗೆ ಬಾಗಿದ ಮರ ಇರುವುದೇ ಇಲ್ಲ. ಮೇಲೆ ಕಡಿದಾದ ಗಿಡ್ಡ ಜಂತಿ, ಕೆಳಗೆ ಕಡಿಮೆ ಇಳಿಜಾರಿನ ಉದ್ದ ಜಂತಿ. ಎರಡು ನೇರ ಗೆರೆ, ನಡುವೆ ಒಂದು ಮುರಿತ. ಆ ಮುರಿತವನ್ನು ಮರದ ತುಂಡು, ಚಕ್ಕೆಗಳಿಂದ ತುಂಬಿ, ಮೇಲೆ ಮಣ್ಣು ಹಾಕಿ ನುಣುಪು ಮಾಡಿ ಹಂಚು ಹೊದಿಸುತ್ತಾರೆ. ನೀವು ನೋಡುವ ಬಾಗು ಮಣ್ಣಿನದು. ಮಾಡೆಲ್ ಮಾಡುವವರು ಇಲ್ಲಿ ಒಂದೇ ದಪ್ಪದ ಬಾಗಿದ ಹಲಗೆ ಎಳೆದು ಬಿಡುತ್ತಾರೆ. ನೋಡಲು ಸರಿ. ಆದರೆ ಎಲ್ಲಿ ಎಷ್ಟು ಮಣ್ಣು ಕೂತಿದೆ ಅನ್ನೋದು ಹೋಯಿತು, ಅದರ ಜೊತೆಗೆ ಭಾರದ ಲೆಕ್ಕವೂ ಹೋಯಿತು.

ಪ್ರಶ್ನೆ: ಡ್ರಾಫ್ಟಿಂಗ್ ಆಫೀಸಿನಲ್ಲಿ ರೆವಿಟ್ ಎಂಬ ಕಟ್ಟಡದ ಮಾಡೆಲ್ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡುತ್ತೇನೆ. ಹವ್ಯಾಸಕ್ಕೆ ಒಂದು ಕೊರಿಯನ್ ಮಂಟಪ ತೆಗೆದುಕೊಂಡೆ. ನೇರ ಜಂತಿಗಳು ಅರ್ಧ ಗಂಟೆಯಲ್ಲಿ ಮುಗಿದವು. ಮೂಲೆಗೆ ಬಂದರೆ ಪ್ರತಿ ಜಂತಿಯೂ ಬೇರೆ. ಒಂದೊಂದಕ್ಕೂ ಫ್ಯಾಮಿಲಿ (ರೆವಿಟ್ ಭಾಗದ ಅಚ್ಚು) ಮಾಡುತ್ತಾ ಕೂತರೆ ವಾರ ಹೋಗುತ್ತೆ. ಉಪಾಯ ಇದೆಯಾ?
— ಬೀದರ್

ಉತ್ತರ: ಇದೆ. ಆದರೆ ಮೊದಲು ಆ ಮೂಲೆಯಲ್ಲಿ ಏನಾಗುತ್ತಿದೆ ಅಂತ ನೋಡಿ. ಅಲ್ಲಿರುವುದು ಬೀಸಣಿಗೆ ಜಂತಿಗಳು, ಸೊಂಜಾಯೊನ್. ಎಲ್ಲದರ ಹಿಂತುದಿ ಚುನ್ಯೊ ಪಕ್ಕದ ಒಂದು ಬಿಂದುವಿಗೆ ಸೇರುತ್ತವೆ, ಮುಂತುದಿ ಸೂರಿನ ಪಟ್ಟಿಯ ಮೇಲೆ ಹರಡಿಕೊಳ್ಳುತ್ತವೆ. ಹಿಂದೆ ಜಾಗ ಇಕ್ಕಟ್ಟು, ಆದ್ದರಿಂದ ಪ್ರತಿಯೊಂದರ ಹಿಂಭಾಗವನ್ನು ಬೆಣೆ ಥರ ಸವರಿ ಒಂದಕ್ಕೊಂದು ಅಂಟಿಸುತ್ತಾರೆ. ಮುಂಭಾಗ ದುಂಡಗೇ ಇರುತ್ತೆ. ಚುನ್ಯೊಗೆ ಹತ್ತಿರ ಹೋದಷ್ಟೂ ಜಂತಿ ಎತ್ತರಕ್ಕೆ ಏಳಬೇಕು, ಅದಕ್ಕೆ ತೊಲೆಯ ಮೇಲೆ ಗಲ್ಮೊಸಂಬಂಗ್ ಅನ್ನುವ ಉದ್ದನೆಯ ಬೆಣೆ ಮರ ಇಡುತ್ತಾರೆ, ಒಂದು ಕಡೆ ತೆಳು, ಚುನ್ಯೊ ಕಡೆ ದಪ್ಪ. ಹೀಗೆ ಉದ್ದ ಬೇರೆ, ಕೋನ ಬೇರೆ, ಎತ್ತರ ಬೇರೆ, ಸವರಿದ ಬೆಣೆಯ ಅಗಲ ಬೇರೆ. ಅಲ್ಲಿನ ಬಡಿಗರಿಗೂ ಇದು ಅತಿ ಕಷ್ಟದ ಕೆಲಸ. ಕೈ ಪಳಗದವರು ಹಿಂತುದಿಯನ್ನು ಒಂದು ಬಿಂದುವಿಗೆ ತರದೆ ಚುನ್ಯೊ ಮಗ್ಗುಲಿಗೆ ಸಾಲಾಗಿ ಹೊಡೆದು ಮುಗಿಸುತ್ತಾರೆ, ಅದು ಇನ್ನೊಂದು ಪದ್ಧತಿ.

ಈಗ ಗಮನಿಸಿ. ಪ್ರತಿ ಜಂತಿ ಬೇರೆ, ಆದರೆ ಅದನ್ನು ಹುಟ್ಟಿಸುವ ನಿಯಮ ಒಂದೇ. ಹಿಂದಿನ ಬಿಂದು, ಬೆಣೆ ಮರದ ಮೇಲಿನ ಬಿಂದು, ಪಟ್ಟಿಯ ಮೇಲಿನ ಬಿಂದು, ಈ ಮೂರು ಕೊಟ್ಟರೆ ಜಂತಿ ತಾನೇ ಗೊತ್ತಾಗುತ್ತೆ. ರೆವಿಟ್‌ನ ಮಾಮೂಲಿ ಫ್ಯಾಮಿಲಿ ಬಿಡಿ, ಅಡಾಪ್ಟಿವ್ ಕಾಂಪೊನೆಂಟ್ ತೆಗೆದುಕೊಳ್ಳಿ. ಅದಕ್ಕೆ ಬಿಂದುಗಳನ್ನೇ ಹಿಡಿಕೆ ಮಾಡಿ. ಅಥವಾ ರೈನೋವನ್ನು ರೆವಿಟ್ ಒಳಗೇ ಓಡಿಸುವ ಸೌಲಭ್ಯ ಇದೆ, ಗ್ರಾಸ್‌ಹಾಪರ್‌ನಲ್ಲಿ ಒಮ್ಮೆ ನಿಯಮ ಕಟ್ಟಿದರೆ ಮುಂದೆ ಚುನ್ಯೊ ತುದಿಯನ್ನು 3 ಸೆಂ.ಮೀ. ಎತ್ತಿದಾಗ ಪಟ್ಟಿ, ಬೆಣೆ, ಜಂತಿ ಎಲ್ಲ ಕೂಡಿ ಏಳುತ್ತವೆ. ಚುನ್ಯೊ ಎರಡು ಮಗ್ಗುಲು, ನಾಲ್ಕು ಮೂಲೆ, ಒಟ್ಟು ಎಂಟು ಸಾಲು. ಕಟ್ಟಡ ಚೌಕವಾಗಿದ್ದರೆ ಒಂದು ಸಾಲು ಮಾಡಿ ಮಿರರ್ ಹೊಡೆಯಿರಿ. ಆಯತವಾಗಿದ್ದರೆ ಮಿರರ್ ಮಾಡುವ ಮುಂಚೆ ಉದ್ದದ ಮಗ್ಗುಲಿಗೂ ಗಿಡ್ಡ ಮಗ್ಗುಲಿಗೂ ಪಟ್ಟಿ ಒಂದೇ ಥರ ಬಾಗಿದೆಯಾ ನೋಡಿ, ಸಾಮಾನ್ಯವಾಗಿ ಬಾಗಿರುವುದಿಲ್ಲ.

ಚಾವಣಿ ಅಂಚಿನಲ್ಲಿ ಎರಡು ಸಾಲು ಜಂತಿ ಕಂಡರೆ ಗಾಬರಿ ಬೇಡ. ದುಂಡು ಜಂತಿ ಮೇಲೆ ಗಿಡ್ಡನೆಯ ಚೌಕ ಜಂತಿ ಇಟ್ಟು ಸೂರು ಉದ್ದ ಮಾಡುತ್ತಾರೆ, ಅದು ಬುಯೊನ್. ಅದಕ್ಕೆ ಬೇರೆಯೇ ಪಟ್ಟಿ ಇರುತ್ತೆ, ಅಂದರೆ ಬೇರೆಯೇ ಬಾಗು. ಕೆಳಗಿನ ಕರ್ವನ್ನು ಆಫ್‌ಸೆಟ್ ಮಾಡಿ ಮೇಲಿನದ್ದು ಅಂತ ಮುಗಿಸಬೇಡಿ.

ಅಳತೆಯನ್ನು ಮೀಟರಿನಲ್ಲಿ ಬಿಟ್ಟು ಜಾ ಎಂಬ ಅವರ ಅಳತೆಗೋಲಿನಲ್ಲಿ ಯೋಚಿಸಿ. ಈಗ ಬಳಕೆಯಲ್ಲಿರುವ ಜಾ 30.3 ಸೆಂ.ಮೀ., ಹಳೆಯ ಕಟ್ಟಡಗಳಲ್ಲಿ ಸ್ವಲ್ಪ ಆಚೀಚೆ. ನಕ್ಷೆಯಲ್ಲಿ 2.42 ಮೀಟರ್ ಅಂತ ವಿಚಿತ್ರ ಅಂಕಿ ಕಂಡರೆ ಅದು 8 ಜಾ. ಜಂತಿಗೂ ಜಂತಿಗೂ ಸುಮಾರು 1 ಜಾ ಅಂತರ ಇಟ್ಟರೆ ಹೆಚ್ಚಿನ ಮನೆಗಳಿಗೆ ಹೊಂದುತ್ತೆ.

ಪ್ರಶ್ನೆ: ಇದೇ ವಿಧಾನದಲ್ಲಿ ಕಲಬುರಗಿ ಕೋಟೆಯ ಜಾಮಿ ಮಸೀದಿ ಕಮಾನು, ಬೀದರಿನ ರಂಗೀನ್ ಮಹಲಿನ ಮರದ ಕಂಬ ಮಾಡಬಹುದೇ? ಮನೆ ಮುಂದಿನದನ್ನು ಬಿಟ್ಟು ಕೊರಿಯಾಕ್ಕೆ ಯಾಕೆ ಹೋಗಬೇಕು?
— ಇಬ್ಬರು ಓದುಗರು, ಕಲಬುರಗಿ ಮತ್ತು ಬೀದರ್

ಉತ್ತರ: ಎರಡನೆಯ ಮಾತಿಗೆ ನನ್ನದೂ ಒಪ್ಪಿಗೆ. ಆದರೆ ವಿಧಾನ ಅದೇ ಅಲ್ಲ.

ಜಾಮಿ ಮಸೀದಿ 1367ರದು. ಅಂಗಳವೇ ಇಲ್ಲದೆ ಪೂರ್ತಿ ಚಾವಣಿ ಹೊದಿಸಿದ್ದು ಅದರ ವಿಶೇಷ. ಅಲ್ಲಿನ ಅಗಲವಾದ, ತಗ್ಗಿನಿಂದಲೇ ಹೊರಟ ಕಮಾನುಗಳು ಪಟ್ಟಿ ಬಗ್ಗಿಸಿ ಬಂದವಲ್ಲ. ಕಮಾನು ಹುಟ್ಟುವುದು ಕೇಂದ್ರ ಹಿಡಿದು ಹಗ್ಗ ತಿರುಗಿಸಿದಾಗ. ಅಲ್ಲಿ ಆರ್ಕ್ ಹಾಕುವುದೇ ಸರಿ. ನಿಮ್ಮ ಕೆಲಸ ಕೇಂದ್ರಗಳನ್ನು ಹುಡುಕುವುದು: ಒಂದು ಮಗ್ಗುಲಿಗೆ ಒಂದೇ ಕೇಂದ್ರವೋ, ಎರಡೋ, ಅವು ಕಮಾನಿನ ಬುಡದ ಗೆರೆಯ ಮೇಲಿವೆಯೋ ಕೆಳಗೋ. ಸ್ಪ್ಲೈನ್ ಹಾಯಿಸಿದರೆ ಚಂದ ಕೂರುತ್ತೆ, ಆದರೆ ಗೌಂಡಿ ಮಾಡಿದ್ದು ಏನು ಅನ್ನೋದು ಗೊತ್ತಾಗುವುದೇ ಇಲ್ಲ. ಇನ್ನೊಂದು, ನೀವು ಅಳೆಯುವುದು ಗಾರೆಯ ಮೈಯನ್ನು. ಕಲ್ಲಿನ ಗೆರೆ ಅದರ ಹಿಂದಿದೆ. ಗಾರೆ ಉದುರಿದ ಜಾಗ ಸಿಕ್ಕರೆ ಅಲ್ಲಿ ಮೊದಲು ಅಳತೆ ತೆಗೆಯಿರಿ.

ರಂಗೀನ್ ಮಹಲ್ ಬೇರೆ ಕಥೆ. ಅಲ್ಲಿನ ಮರದ ಕಂಬ, ಬೋದಿಗೆಯ ಬಾಗೆಲ್ಲ ಉಳಿಯಲ್ಲಿ ಕೆತ್ತಿದ್ದು. ಕೆತ್ತನೆಗೆ ಫೋಟೋಗಳಿಂದ ಮಾಡೆಲ್ ಮಾಡುವ ವಿಧಾನವೇ ಸರಿ: ಮೋಡದ ದಿನ, ಒಂದರ ಮೇಲೊಂದು ಅರ್ಧಕ್ಕಿಂತ ಜಾಸ್ತಿ ಬರುವಂತೆ ಸುತ್ತಲೂ ಫೋಟೋ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕಡೆ ಮಾತ್ರ ಸಾಫ್ಟ್‌ವೇರ್ ತಬ್ಬಿಬ್ಬಾಗುತ್ತೆ. ಹೊಳಪು ಒಂದೊಂದು ಕೋನಕ್ಕೆ ಒಂದೊಂದು ಥರ ಕಾಣುತ್ತಲ್ಲ, ಅದಕ್ಕೆ ಅದು ಒಂದೇ ಬಿಂದು ಅಂತ ಗೊತ್ತಾಗುವುದಿಲ್ಲ. ಪೋಲರೈಸಿಂಗ್ ಫಿಲ್ಟರ್ ಹಾಕಿದರೆ ಸ್ವಲ್ಪ ಸುಧಾರಿಸುತ್ತೆ. ಎರಡೂ ಕಡೆ ಪುರಾತತ್ವ ಇಲಾಖೆಯ ಸ್ಮಾರಕ. ಟ್ರೈಪಾಡ್, ಡ್ರೋನ್ ಅಂದರೆ ಮೊದಲು ಅನುಮತಿ ತೆಗೆದುಕೊಳ್ಳಿ, ಗೇಟಿನಲ್ಲಿ ಹೋಗಿ ವಾದ ಮಾಡಬೇಡಿ.

ಮತ್ತೆ ಕೊರಿಯಾಕ್ಕೆ ಯಾಕೆ ಹೋಗಬೇಕು ಅಂದಿರಿ. ಅಲ್ಲಿ ಬಡಿಗರು ಇನ್ನೂ ಕೆಲಸ ಮಾಡುತ್ತಿದ್ದಾರೆ, ಕೇಳಿದರೆ ಹೇಳುತ್ತಾರೆ. ಬಹಮನಿ ಕಾಲದ ಗೌಂಡಿಯನ್ನು ಕೇಳಲು ಆಗುವುದಿಲ್ಲವಲ್ಲ. ನಿಯಮ ಗೊತ್ತಿರುವ ಕಡೆ ಕೈ ಪಳಗಿಸಿಕೊಂಡು ಗೊತ್ತಿಲ್ಲದ ಕಡೆಗೆ ಬರುವುದು ಸುಲಭ.

ಪ್ರಶ್ನೆ: ಹೊಲದಲ್ಲಿ ಒಂದು ಮನೆ ಕಟ್ಟಿಸುತ್ತಿದ್ದೇನೆ. ಅಂಥ ಬಾಗಿದ ಚಾವಣಿ ಹಾಕಿಸಬಹುದೇ?
— ಸುರಪುರ

ಉತ್ತರ: ದುಡ್ಡು ಜಾಸ್ತಿ ಇದ್ದರೆ ಹಾಕಿಸಿ. ಆದರೆ ಅಲ್ಲಿನ ಸೂರಿನ ಉದ್ದ ಅಲ್ಲಿನ ಬಿಸಿಲಿಗೆ ಹೊಂದಿಸಿದ್ದು. ಸೋಲ್‌ನಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ಬರೀ 29 ಡಿಗ್ರಿ ಎತ್ತರ, ಬಿಸಿಲು ಸೂರಿನಡಿ ನುಗ್ಗಿ ಕೋಣೆಗೆ ಬರುತ್ತೆ. ಜೂನ್‌ನಲ್ಲಿ 76 ಡಿಗ್ರಿ, ಸೂರು ತಡೆಯುತ್ತೆ. ನಿಮ್ಮಲ್ಲಿ ಡಿಸೆಂಬರ್‌ನಲ್ಲೇ 50 ಡಿಗ್ರಿ, ಮೇ ತಿಂಗಳಲ್ಲಿ ನೆತ್ತಿಯ ಮೇಲೆ. ಚಳಿಗಾಲದ ಬಿಸಿಲನ್ನು ಒಳಗೆ ಕರೆಯುವ ಚಿಂತೆ ನಿಮಗಿಲ್ಲ. ಅಷ್ಟು ಮಣ್ಣು, ಹಂಚು ಹೊರಲು ಬೇಕಾದ ಮರದ ಖರ್ಚು ಕೇಳಿದರೆ ಆಸೆ ತಾನಾಗೇ ಇಳಿಯುತ್ತೆ. ಪಶ್ಚಿಮದ ಕಡೆ ಸೂರನ್ನು ನೇರವಾಗೇ ಒಂದೂವರೆ ಮೀಟರ್ ಚಾಚಿಸಿ, ಸಂಜೆ ಇಳಿಬಿಸಿಲಿಗೆ ಅದೂ ಸಾಲದು, ಎರಡು ಬೇವಿನ ಗಿಡ ಹಚ್ಚಿ.